ಅದಲುಬದಲು ಚಪ್ಪಲಿಗಳ ಆಯಮ್ಮ

ಬೆಳಗಿನ ಐದೂ ಇಪ್ಪತ್ತು. ಶರ್ಟು ಹೊಲಿಯುವ ಗಾರ್ಮೆಂಟ್ಸ್ ಕಾರ್ಖಾನೆಯ ಹಿಂದಿನ ಗೇಟಿನ ಪಕ್ಕದ ಉದ್ದನೆಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಬಾಗಿಲ ಬಳಿ ನನ್ನ ಮೊಣಕಾಲಿಗೂ ಬಾರದಷ್ಟು ಗಿಡ್ಡನೆಯ ಬೆಂಚು. ಅದರ ಮೇಲೆ ಮೂರು ವರ್ಷದ ಪೋರನೊಬ್ಬ ಕೂತು ತನ್ನ ಎಡಗಾಲಿನ ಚಪ್ಪಲಿಯ ಪಟ್ಟಿಯ ಜೊತೆ ಯುದ್ಧಕ್ಕಿಳಿದಿದ್ದಾನೆ. ಎಳೆಯುತ್ತಾನೆ, ಬರುವುದಿಲ್ಲ. ಕಾಲನ್ನೇ ಝಾಡಿಸುತ್ತಾನೆ, ಬರುವುದಿಲ್ಲ. ಮುಖ ಕೆಂಪಾಗುತ್ತದೆ, ತುಟಿ ನಡುಗುತ್ತದೆ, ಇನ್ನೇನು ಗೋಳೋ ಅನ್ನಬೇಕು, ಅಷ್ಟರಲ್ಲಿ ಎದುರಿಗೆ ನೆಲದ ಮೇಲೆ ಕೂತಿರುವ ಹೆಂಗಸು "ಪಟ್ಟಿಯ ಬಾಲ ಎಲ್ಲಿದೆ ನೋಡು, ಅದನ್ನ ಹಿಡ್ಕೋ" ಅನ್ನುತ್ತಾರೆ. ಅವರ ಎರಡೂ ಕೈಗಳು ಬೆನ್ನ ಹಿಂದೆ ಇವೆ.

ನನ್ನಿಂದ ತಡೆಯಲಾಗುವುದಿಲ್ಲ. ಬಗ್ಗಿ ಆ ಹಾಳಾದ ಪಟ್ಟಿಯನ್ನು ಬಿಚ್ಚಿಬಿಡೋಣವೆಂದು ಕೈ ಚಾಚುತ್ತೇನೆ.

"ಸಾರ್, ಕೈ ಹಿಂದಕ್ಕೆ!"

ಪತ್ರಿಕೆಗೆ ಬರೆಯಲೆಂದು ಬಂದಿರುವ, ಐವತ್ತರ ಹತ್ತಿರದ ನಾನು ಎರಡನೇ ಕ್ಲಾಸಿನ ಹುಡುಗನ ಹಾಗೆ ಥಟ್ಟನೆ ಕೈಯನ್ನು ಬೆನ್ನ ಹಿಂದೆ ಒಯ್ಯುತ್ತೇನೆ. ನಾಲ್ಕು ನಿಮಿಷ ಹಿಡಿಯುತ್ತದೆ. ನಾಲ್ಕು ನಿಮಿಷ ಅಂದರೆ ಎಷ್ಟು ಉದ್ದವೆಂದು ತಿಳಿಯಬೇಕಿದ್ದರೆ ಒಂದು ಮಗು ಚಪ್ಪಲಿ ಬಿಚ್ಚುವುದನ್ನು ಸುಮ್ಮನೆ ನೋಡಬೇಕು. ಕಡೆಗೆ ಪಟ್ಟಿ ಪರ್‍ ಎಂದು ಬಿಡುತ್ತದೆ. ಪೋರ ಚಪ್ಪಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಮ್ಮಿಬ್ಬರನ್ನೂ ನೋಡುತ್ತಾನೆ. ಆಮೇಲೆ ಎದೆಯುಬ್ಬಿಸಿಕೊಂಡು ಹೋಗಿ ಅದನ್ನು ಗೂಡಿನಲ್ಲಿಟ್ಟು ಬರುತ್ತಾನೆ. ಮನೆಯಲ್ಲಿ ಏಳು ವರ್ಷದ ಮಗಳ ಶೂ ಲೇಸನ್ನು ದಿನಾ ಬೈದುಕೊಂಡು ನಾನೇ ಕಟ್ಟುತ್ತೇನೆ ಎಂಬುದನ್ನು ಆ ಕ್ಷಣದಲ್ಲಿ ಯಾರಿಗೂ ಹೇಳಬೇಕೆನಿಸಲಿಲ್ಲ.

ಈ ಕೋಣೆ ಕಾರ್ಖಾನೆಯ ಹೆಂಗಸರು ಮಕ್ಕಳನ್ನು ಬಿಟ್ಟು ಪಾಳಿಗೆ ಹೋಗುವ ಕ್ರೆಷ್. ನೆಲದ ಮೇಲೆ ಕೂತಿರುವವರನ್ನು ಮಕ್ಕಳು ಆಯಮ್ಮ ಅನ್ನುತ್ತಾರೆ, ತಾಯಂದಿರು ಅಕ್ಕ ಅನ್ನುತ್ತಾರೆ. ಐವತ್ತೆಂಟು ವರ್ಷ, ದಪ್ಪ ಕನ್ನಡಕ, ನೀಲಿ ಏಪ್ರನ್. ಹದಿನೇಳು ವರ್ಷದಿಂದ ಬೆಳಿಗ್ಗೆ ಐದೂಕಾಲಕ್ಕೆ ಈ ಬಾಗಿಲು ತೆರೆಯುತ್ತಾರೆ, ಮಧ್ಯಾಹ್ನ ಎರಡೂವರೆಗೆ ಹಾಕುತ್ತಾರೆ. ಕೈಗೂಸುಗಳನ್ನು ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಎರಡರಿಂದ ಐದು ವರ್ಷದವರೆಗಿನ ಇಪ್ಪತ್ಮೂರು ಮಕ್ಕಳು ಇವರ ಪಾಲಿಗೆ.

ಒಂದೊಂದು ಮಗುವೂ ಇಲ್ಲಿ ದಿನಕ್ಕೆ ಹನ್ನೊಂದು ಕೆಲಸವನ್ನು ತಾನೇ ಮಾಡಬೇಕು. ಚಪ್ಪಲಿ ಬಿಚ್ಚಿ ಗೂಡಿಗಿಡುವುದು, ಚೀಲ ಮೊಳೆಗೆ ನೇತು ಹಾಕುವುದು, ಕೈ ತೊಳೆಯುವುದು, ಮೇಲೊಂದು ಶರ್ಟು ತೊಡುವುದು, ಬಾಳೆಹಣ್ಣಿನ ಸಿಪ್ಪೆ ಸುಲಿಯುವುದು, ಹೀಗೆ ಹೋಗಿ ಹೊರಡುವಾಗ ಮತ್ತೆ ಚಪ್ಪಲಿ ಹಾಕಿಕೊಳ್ಳುವಲ್ಲಿಗೆ ಮುಗಿಯುತ್ತದೆ. ಇಪ್ಪತ್ಮೂರನ್ನು ಹನ್ನೊಂದರಿಂದ ಗುಣಿಸಿದರೆ ಇನ್ನೂರ ಐವತ್ಮೂರು. ದಿನಕ್ಕೆ ಇನ್ನೂರ ಐವತ್ಮೂರು ಸಲ ಇವರು "ಬಿಡು, ನಾನು ಮಾಡಿಬಿಡ್ತೀನಿ" ಎಂಬ ಮಾತನ್ನು ನುಂಗಿಕೊಳ್ಳುತ್ತಾರೆ.

"ನೋಡ್ತಾ ಕೂರೋದು ಬಟ್ಟೆ ಒಗೆಯೋದಕ್ಕಿಂತ ಕಷ್ಟ ಸಾರ್. ಬಟ್ಟೆ ಒಗೆದ್ರೆ ಸೊಂಟ ನೋಯುತ್ತೆ, ರಾತ್ರಿ ಮಲಗಿದ್ರೆ ಹೋಗುತ್ತೆ. ಇದ್ರಲ್ಲಿ ಕೈ ತುರಿಸುತ್ತೆ. ಅದಕ್ಕೆ ಔಷಧಿ ಇಲ್ಲ" ಎಂದು ಆಯಮ್ಮ ನಗುತ್ತಾರೆ.

ಕೋಣೆಯಲ್ಲಿರುವ ಎಲ್ಲವೂ ಗಿಡ್ಡ. ಚೀಲದ ಮೊಳೆಗಳು ನನ್ನ ತೊಡೆಯ ಎತ್ತರಕ್ಕೆ. ಪ್ರತಿ ಮೊಳೆಯ ಮೇಲೂ ಒಂದೊಂದು ಬಟ್ಟೆಯ ತುಂಡು ಅಂಟಿಸಿದೆ. ನೀಲಿ ಗೆರೆ ಒಬ್ಬನದು, ಹಸಿರು ಚೌಕಳಿ ಇನ್ನೊಬ್ಬಳದು. ಓದಲು ಬಾರದ ಮಕ್ಕಳಿಗೆ ಅದೇ ಹೆಸರಿನ ಫಲಕ. ಕುಡಿಯುವ ನೀರಿಗೆ ಮಗುವಿನ ಕೈಗೆ ಹಿಡಿಯುವಷ್ಟು ಚಿಕ್ಕ ಸ್ಟೀಲ್ ಜಗ್ಗು. ಪಕ್ಕದಲ್ಲೇ ಒಂದು ಒರೆಸುವ ಬಟ್ಟೆ. ಚೆಲ್ಲಿದವರು ಒರೆಸಬೇಕು, ಬೈಗುಳ ಇಲ್ಲ. ಹಿಂದೊಮ್ಮೆ ಮ್ಯಾನೇಜರ್ ಸಾಹೇಬರು ಪ್ರೀತಿಯಿಂದ ಮುಚ್ಚಳವಿರುವ, ಚೆಲ್ಲದ ಪ್ಲಾಸ್ಟಿಕ್ ಲೋಟಗಳನ್ನು ತರಿಸಿಕೊಟ್ಟರಂತೆ. ಅವು ಇನ್ನೂ ಪೆಟ್ಟಿಗೆಯಲ್ಲೇ ಇವೆ. "ಚೆಲ್ಲದೇ ಇರೋ ಲೋಟದಲ್ಲಿ ಕುಡಿದ್ರೆ ಚೆಲ್ಲದ ಹಾಗೆ ಕುಡಿಯೋದು ಯಾವಾಗ ಕಲೀತಾವೆ?" ಎಂದು ಆಯಮ್ಮ ಕೇಳಿದ್ದಕ್ಕೆ ಸಾಹೇಬರು ತಲೆ ಕೆರೆದುಕೊಂಡು ಹೋದರಂತೆ. ನಲ್ಲಿ ಮಾತ್ರ ಎತ್ತರದಲ್ಲಿದೆ, ಮಕ್ಕಳು ಸ್ಟೂಲು ಹತ್ತಿ ಕೈ ತೊಳೆಯಬೇಕು. ಅದನ್ನು ಒಂದು ಗೇಣು ಕೆಳಕ್ಕಿಳಿಸಿ ಎಂದು ಅವರು ಕೇಳುತ್ತ ಮೂರು ವರ್ಷವಾಯಿತು.

ಇಲ್ಲಿನ ಮಕ್ಕಳನ್ನು ಸುತ್ತಲ ಬೀದಿಯಲ್ಲಿ ಯಾರು ಬೇಕಾದರೂ ಗುರುತಿಸುತ್ತಾರೆ. ಮಧ್ಯಾಹ್ನ ಎರಡರ ಸೈರನ್ ಆದ ಮೇಲೆ ಬಸ್ ಸ್ಟಾಪಿನಲ್ಲಿ ನಿಂತರೆ ಕಾಣುತ್ತದೆ: ಎಡಗಾಲಿನ ಚಪ್ಪಲಿ ಬಲಗಾಲಿಗೆ, ಬಲಗಾಲಿನದು ಎಡಗಾಲಿಗೆ, ಒಂದು ಗುಂಡಿ ತಪ್ಪಿ ಅಂಗಿಯ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಬಾತುಕೋಳಿಗಳ ಹಾಗೆ ನಡೆದು ಬರುವ ಆ ಸೈನ್ಯವನ್ನು ಕಂಡು ಟಿಕೆಟ್ ಕೊಡುವ ಕಂಡಕ್ಟರ್ "ಆಯಮ್ಮನ ಮಕ್ಕಳು ಬಂದ್ರಪ್ಪೋ" ಎಂದು ಜಾಗ ಮಾಡಿಕೊಡುತ್ತಾರೆ. ಆಯಮ್ಮ ಏನನ್ನೂ ಸರಿಪಡಿಸುವುದಿಲ್ಲ. ತಾಯಂದಿರಿಗೂ ಸರಿಪಡಿಸಲು ಬಿಡುವುದಿಲ್ಲ. ಒಮ್ಮೆ ಒಬ್ಬ ತಂದೆ ಬಂದು, ನಮ್ಮ ಹುಡುಗ ದಿಕ್ಕಿಲ್ಲದವನ ಥರ ಕಾಣ್ತಾನೆ ಎಂದು ರೇಗಿದರಂತೆ. "ಹತ್ತು ದಿನ ಹಾಗೇ ಕಾಣ್ಲಿ ಬಿಡಿ. ಹನ್ನೊಂದನೇ ದಿನ ಅವನೇ ಬಂದು, ಆಯಮ್ಮ ಕಾಲು ಕಚ್ತಿದೆ ಅಂತಾನೆ. ಆವಾಗ ಹೇಳಿಕೊಡ್ತೀನಿ. ಇವತ್ತೇ ಹೇಳಿದ್ರೆ ಅದು ನನ್ನ ಚಪ್ಪಲಿ ಆಗುತ್ತೆ, ಅವನದಲ್ಲ" ಎಂದು ಇವರು ಸಮಾಧಾನ ಹೇಳಿ ಕಳಿಸಿದರು. ಎಂಟನೇ ದಿನಕ್ಕೇ ಹುಡುಗ ಬಂದು ಕೇಳಿದ.

ಎಲ್ಲಿ ಕಲಿತಿರಿ ಇದನ್ನೆಲ್ಲ ಎಂದು ನಾನು ಮೊದಲ ದಿನವೇ ಕೇಳಿದೆ. ಯಾವುದೋ ತರಬೇತಿಯ ಹೆಸರು ಹೇಳುತ್ತಾರೆಂದು ಪೆನ್ನು ಹಿಡಿದು ಕಾದೆ. ಅವರು ಓದಿದ್ದು ಆರನೇ ಕ್ಲಾಸು. ಈ ಕೋಣೆಗೆ ಬರುವ ಮೊದಲು ಹದಿನಾರು ವರ್ಷ ಇದೇ ಕಾರ್ಖಾನೆಯಲ್ಲಿ ಹೊಲಿದು ಬಂದ ಶರ್ಟುಗಳ ಹೆಚ್ಚುವರಿ ದಾರ ಕತ್ತರಿಸುವ ಕೆಲಸ. ಕಣ್ಣು ಮಂಜಾಗಿ ದಾರ ಕಾಣದಾದಾಗ, ಮನೆಗೆ ಕಳಿಸುವ ಬದಲು ಇಲ್ಲಿಗೆ ಹಾಕಿದರು.

"ಕಲಿಸಿದ್ದು ನನ್ನ ಮಗ" ಎನ್ನುತ್ತಾರೆ ಆಯಮ್ಮ. "ಒಬ್ಬನೇ ಮಗ. ಏಳು ವರ್ಷ ಆಗೋವರೆಗೂ ಅವನ ಒಂದು ಕೆಲಸ ಅವನಿಗೆ ಮಾಡೋಕೆ ಬಿಟ್ಟಿರಲಿಲ್ಲ ನಾನು. ಊಟ ನಾನೇ ತಿನ್ಸ್ತಿದ್ದೆ, ಮೂಗು ನಾನೇ ಒರೆಸ್ತಿದ್ದೆ. ಅಷ್ಟು ಮುದ್ದು. ಒಂದ್ಸಲ ನನಗೆ ಜ್ವರ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದ್ರು. ಅವರಪ್ಪ ಬೆಳಿಗ್ಗೆ ಡಬ್ಬಿಗೆ ಅನ್ನ ಹಾಕಿ, ಹಸಿವಾದಾಗ ತಿನ್ನು ಅಂತ ಹೇಳಿ ಕೆಲಸಕ್ಕೆ ಹೋಗಿದ್ದಾರೆ. ಸಂಜೆ ಬಂದು ನೋಡ್ತಾರೆ, ಹುಡುಗ ಡಬ್ಬಿ ತೊಡೆ ಮೇಲೆ ಇಟ್ಕೊಂಡು ಹಾಗೇ ಕೂತಿದ್ದಾನೆ. ಮುಚ್ಚಳ ತೆಗೆಯೋಕೆ ಬರ್ಲಿಲ್ಲ ಸಾರ್ ಅವನಿಗೆ. ಊಟ ತೊಡೆ ಮೇಲಿತ್ತು, ಹುಡುಗ ಉಪವಾಸ ಇದ್ದ."

ಆ ಮಗ ಈಗ ಬಸ್ಸು ಓಡಿಸುತ್ತಾರೆ, ಮನೆಯಲ್ಲಿ ಅಡುಗೆಯನ್ನೂ ಮಾಡುತ್ತಾರೆ. ಪಾತ್ರೆ ಜಾಸ್ತಿ ಮಾಡ್ತಾನೆ ಅಂತ ಸೊಸೆ ಬೈಯ್ತಾಳೆ ಎಂದು ಆಯಮ್ಮ ಕಣ್ಣೊರೆಸಿಕೊಂಡು ನಗುತ್ತಾರೆ. ಆದರೆ ಹದಿನೇಳು ವರ್ಷದಿಂದ ಪ್ರತಿ ಮಗುವಿನ ಕೈಯಲ್ಲೂ ಅವರಿಗೆ ಆ ಡಬ್ಬಿಯೇ ಕಾಣುತ್ತದೆ ಎಂಬುದು ನನಗೆ ಅರ್ಥವಾಯಿತು.

ಒಂದು ದಿನ ಬಂದು, ನಾಲ್ಕು ಮಾತು ಕೇಳಿ, ಒಂದು ಫೋಟೋ ತೆಗೆಸಿ ಹೋಗುವವನಿದ್ದೆ ನಾನು. ಒಂಬತ್ತು ಸಲ ಬಂದೆ. ಅದಕ್ಕೆ ಕಾರಣ ಗೊಂಬೆ.

ಗೊಂಬೆ ಎಂಬುದು ಹೊಸದಾಗಿ ಸೇರಿದ್ದ ನಾಲ್ಕು ವರ್ಷ ಮೂರು ತಿಂಗಳಿನ ಹುಡುಗಿಗೆ ಕೋಣೆಯ ಉಳಿದ ಮಕ್ಕಳು ಇಟ್ಟ ಹೆಸರು. ದಿನಾ ಅಮ್ಮನ ಸೊಂಟದ ಮೇಲೆ ಬರುತ್ತಿದ್ದಳು. ಇಳಿಸಿದ ಕೂಡಲೇ ಎರಡೂ ಕೈ ಅಗಲಿಸಿ ನಿಂತುಬಿಡುತ್ತಿದ್ದಳು, ಬಟ್ಟೆ ಅಂಗಡಿಯ ಗಾಜಿನೊಳಗೆ ನಿಂತಿರುವ ಗೊಂಬೆಯ ಹಾಗೆ. ಯಾರೋ ಬಂದು ತೊಡಿಸಬೇಕು, ಯಾರೋ ಬಂದು ಬಿಚ್ಚಬೇಕು. ಮೊದಲ ದಿನ ಊಟದ ತಟ್ಟೆ ಮುಂದಿಟ್ಟರೆ ಬಾಯಿ ತೆರೆದುಕೊಂಡು ಕೂತಿದ್ದಳಂತೆ. ಚಮಚ ಪಕ್ಕದಲ್ಲೇ ಇತ್ತು. ಅತ್ತವಳೂ ಅಲ್ಲ, ಕೇಳಿದವಳೂ ಅಲ್ಲ, ಬಾಯಿ ತೆರೆದು ಕಾಯುತ್ತಿದ್ದಳು ಅಷ್ಟೇ.

ಗೊಂಬೆಯ ಅಮ್ಮನ ಕೆಲಸ ಗುಂಡಿ ಹಾಕುವ ಮೆಷಿನ್ನಿನಲ್ಲಿ. ಪಾಳಿಗೆ ಮುನ್ನೂರೈವತ್ತು ಶರ್ಟು, ಶರ್ಟಿಗೆ ಏಳು ಗುಂಡಿ. ಪಾಳಿಗೆ ಎರಡೂವರೆ ಸಾವಿರದಷ್ಟು ಗುಂಡಿ ಕೂರಿಸುವ ತಾಯಿಯ ಮಗಳಿಗೆ ಒಂದು ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಮನೆಯಲ್ಲಿ ತಾಯಿ ಮಗಳು ಇಬ್ಬರೇ.

"ಅವಳು ಹಾಕ್ಕೊಳ್ಳೋವರೆಗೂ ಕಾದ್ರೆ ಸೈರನ್ ಆಗೋಗುತ್ತೆ ಸಾರ್. ಐದು ನಿಮಿಷ ಲೇಟಾದ್ರೆ ಗೇಟು ಹಾಕ್ತಾರೆ, ಅರ್ಧ ದಿನ ಹೋಯ್ತು. ನಾನೇ ಹಾಕಿಬಿಟ್ರೆ ಒಂದೂವರೆ ನಿಮಿಷ. ದಿನಾ ಆ ಒಂದೂವರೆ ನಿಮಿಷದ ಆಸೆಗೆ ನಾಲ್ಕು ವರ್ಷ ಕಳೆದುಹೋಯ್ತು" ಎಂದು ಆಕೆ ನನಗೆ ಹೇಳಿದರು.

ಒಂದು ದಿನ ಹೊಲಿಗೆಯ ಲೈನಿನಲ್ಲಿ ಬಿಳಿ ಶರ್ಟಿನ ಮೇಲೆ ರಕ್ತದ ಚುಕ್ಕೆ ಕಂಡಿತು. ಆಮೇಲಿನ ಶರ್ಟಿನ ಮೇಲೂ. ಯಾರ ಕೈಗೆ ಏನಾಗಿದೆ ಎಂದು ಸೂಪರ್‌ವೈಸರ್ ಹುಡುಕಿಕೊಂಡು ಬಂದರೆ ಗೊಂಬೆಯ ಅಮ್ಮನ ಬಲಗೈ ತೋರುಬೆರಳಿಗೆ ಸೂಜಿ ಚುಚ್ಚಿತ್ತು. ಆಕೆಗೆ ಗೊತ್ತೇ ಆಗಿರಲಿಲ್ಲ. ಅಂಗೈಯೊಳಗೆ ನರ ಒತ್ತಿಹೋಗಿದೆ, ಚಿಕ್ಕದೊಂದು ಆಪರೇಷನ್ ಸಾಕು, ಆದರೆ ಆಮೇಲೆ ಆರು ವಾರ ಆ ಕೈಯನ್ನು ಬಳಸಬಾರದು, ಒದ್ದೆ ಮಾಡಬಾರದು ಎಂದರು ಡಾಕ್ಟರು. ಆರು ವಾರ ಗೊಂಬೆಗೆ ತೊಡಿಸುವವರು ಯಾರು, ತಿನ್ನಿಸುವವರು ಯಾರು? ಆಕೆ ದಿನಾಂಕವನ್ನು ಮುಂದೂಡಿದರು. ಇನ್ನೊಮ್ಮೆ ಮುಂದೂಡಿದರು. ಮೂರನೇ ಸಲ ಡಾಕ್ಟರು, ಇದಕ್ಕೂ ಬರದಿದ್ದರೆ ಬೆರಳಿನ ಸ್ಪರ್ಶ ಮರಳಿ ಬರುವ ಭರವಸೆ ನಾನು ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಸ್ಪರ್ಶವಿಲ್ಲದ ಬೆರಳನ್ನು ಗುಂಡಿಯ ಮೆಷಿನ್ನಿನ ಹತ್ತಿರಕ್ಕೆ ಯಾರೂ ಬಿಡುವುದಿಲ್ಲ.

ಕ್ರೆಷ್ ಬಾಗಿಲಲ್ಲಿ ನಿಂತು ಆಕೆ ಇದನ್ನು ಹೇಳಿಕೊಂಡು ಅತ್ತಾಗ ಆಯಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ದಿನ ಇದೆ?"

"ಐದು ವಾರ, ಅಕ್ಕಾ."

"ಸಾಕು. ನೀನು ನಿನ್ನ ಕೈ ಸುಮ್ನೆ ಇಟ್ಕೊಳೋದಾದ್ರೆ ಐದು ವಾರ ಧಾರಾಳ."

ಗುಂಡಿ ಕಲಿಸುವುದಕ್ಕೆ ಆಯಮ್ಮನ ಹತ್ತಿರ ಒಂದು ರೀತಿಯಿದೆ. ಕಾರ್ಖಾನೆಯಲ್ಲಿ ತಿರಸ್ಕೃತವಾದ ಶರ್ಟುಗಳನ್ನು ತಂದು, ತೋಳಿನ ಉದ್ದ ಕತ್ತರಿಸಿ, ಮಕ್ಕಳು ಬಟ್ಟೆಯ ಮೇಲೆ ತೊಡುವಂತೆ ಮಾಡಿದ್ದಾರೆ. ಬಂದ ಕೂಡಲೇ ಪ್ರತಿ ಮಗುವೂ ಅದನ್ನು ತೊಡಬೇಕು. ಗೊಂಬೆಗೆ ಮೊದಲ ದಿನ ಆರು ಗುಂಡಿಯನ್ನು ಆಯಮ್ಮನೇ ಹಾಕಿದರು. ಏಳನೆಯದನ್ನು ಅರ್ಧ ತೂರಿಸಿ ಬಿಟ್ಟುಬಿಟ್ಟರು. ಆ ಉಳಿದರ್ಧವನ್ನು ಎಳೆದುಕೊಳ್ಳುವುದಷ್ಟೇ ಗೊಂಬೆಯ ಕೆಲಸ. ಅದು ಬಂದ ಮೇಲೆ ಏಳನೆಯದು ಪೂರ್ತಿ, ಆಮೇಲೆ ಆರನೆಯದೂ ಏಳನೆಯದೂ. ಹೀಗೆ ಕೊನೆಯಿಂದ ಮೊದಲಿಗೆ ಹೋಗುತ್ತದೆ ಪಾಠ.

ಮೊದಲಿನಿಂದ ಯಾಕಲ್ಲ ಎಂದು ಕೇಳಿದೆ. "ಮೊದಲನೇ ಗುಂಡಿ ಅದು ಹಾಕಿ ಉಳಿದ ಆರು ನಾನು ಹಾಕಿದ್ರೆ ಶರ್ಟು ಹಾಕಿದ್ದು ನಾನು ಅಂತ ಆಯ್ತು. ಕೊನೇದು ಅದೇ ಹಾಕಿದ್ರೆ, ಹಾಕಿ ಮುಗಿಸಿದ್ದು ಅದು. ಶುರು ಮಾಡೋ ಕಷ್ಟ ನನಗಿರಲಿ, ಮುಗಿಸಿದ ಖುಷಿ ಅದಕ್ಕೇ ಸೇರ್ಲಿ. ದಾರ ಕತ್ತರಿಸ್ತಿದ್ದಾಗ ಗೊತ್ತಾಗಿದ್ದು ಇದು. ಕೊನೇ ದಾರ ಕತ್ತರಿಸಿದ ಮೇಲೇನೇ ಅದು ಶರ್ಟು. ನೋಡಿದ್ರೆ ಇಡೀ ಶರ್ಟು ನಾನೇ ಹೊಲಿದ ಹಾಗೆ ಅನ್ಸೋದು!"

ನಾನು ಬರೆದುಕೊಳ್ಳುವುದನ್ನು ಮರೆತು ಅವರ ಮುಖವನ್ನೇ ನೋಡುತ್ತ ಕೂತೆ. ಶಿಕ್ಷಣದ ಬಗ್ಗೆ ದೊಡ್ಡ ದೊಡ್ಡ ಭಾಷಣಗಳನ್ನು ವರದಿ ಮಾಡಿದ್ದೇನೆ. ಒಂದರಲ್ಲೂ ಇಷ್ಟು ಚೆನ್ನಾದ ಮಾತು ಕೇಳಿದ ನೆನಪಿಲ್ಲ.

ಮೂರನೇ ವಾರದ ಗುರುವಾರ ಗೊಂಬೆ ಏಳೂ ಗುಂಡಿಗಳನ್ನು ಹಾಕಿದಳು. ಇಪ್ಪತ್ತೆರಡು ನಿಮಿಷ ತೆಗೆದುಕೊಂಡಳು. ನಾಲ್ಕನೆಯದರಲ್ಲಿ ನಾಲಿಗೆ ಹೊರಬಂತು, ಐದನೆಯದರಲ್ಲಿ ಕಣ್ಣಲ್ಲಿ ನೀರು ಬಂತು, ಆರನೆಯದನ್ನು ಮೂರು ಸಲ ತಪ್ಪು ತೂತಿಗೆ ತೂರಿಸಿ ಮೂರು ಸಲ ಬಿಚ್ಚಿದಳು. ಸುತ್ತ ನಿಂತಿದ್ದ ಮಕ್ಕಳು ಒಬ್ಬರೂ ಸಹಾಯಕ್ಕೆ ಹೋಗಲಿಲ್ಲ. ಎಲ್ಲರ ಕೈಯೂ ಬೆನ್ನ ಹಿಂದೆ. ಏಳನೆಯದು ಒಳಗೆ ಹೋದಾಗ ಅವಳು ತಲೆ ಬಗ್ಗಿಸಿ ತನ್ನ ಎದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿಕೊಂಡ ರೀತಿಯಿದೆಯಲ್ಲ, ಅದನ್ನು ವರ್ಣಿಸಲು ನನ್ನಿಂದ ಆಗುವುದಿಲ್ಲ. ನನ್ನ ಕಣ್ಣು ತುಂಬಿ ಬಂತು ಎಂದು ಮಾತ್ರ ಹೇಳಬಲ್ಲೆ. ಬೆಳಗಿನ ತಿಂಡಿ ಅರ್ಧ ಗಂಟೆ ತಡವಾಗಿತ್ತು.

ಅಷ್ಟಾದರೂ ಮನೆಯಲ್ಲಿ ಗೊಂಬೆ ಗೊಂಬೆಯೇ. ಐದನೇ ವಾರ ನಡೆಯುತ್ತಿದ್ದಾಗ ಗೊಂಬೆಯ ಅಮ್ಮ ಬಂದು, ಬೆಳಿಗ್ಗೆ ಫ್ರಾಕು ತಲೆಗೆ ತೂರಿಸಿಕೊಂಡು ಕೈ ಅಗಲಿಸಿ ನಿಲ್ಲುತ್ತಾಳೆ, ಗುಂಡಿಗೆ ಕೈಯನ್ನೇ ಹಾಕುವುದಿಲ್ಲ ಎಂದರು. ಆಯಮ್ಮನಿಗೆ ಸಿಟ್ಟು ನೆತ್ತಿಗೇರಿತು. ಬಾಗಿಲಲ್ಲಿ ಹತ್ತಾರು ತಾಯಂದಿರು ನಿಂತಿದ್ದರು.

"ಇಲ್ಲಿ ಏಳು ಹಾಕೋಳು ಅಲ್ಲಿ ಒಂದು ಹಾಕಲ್ಲ ಅಂದ್ರೆ ಏನಮ್ಮಾ ಅರ್ಥ? ನೀನು ಕೈ ಹಾಕ್ತಿದ್ದೀಯ. ನಿನಗೆ ಒಂದೂವರೆ ನಿಮಿಷ ಮುಖ್ಯ."

"ಇಲ್ಲ ಅಕ್ಕಾ, ದೇವರಾಣೆ. ನೀವು ಹೇಳಿದ ಹಾಗೇ ಕೈ ಹಿಂದಕ್ಕೆ ಕಟ್ಕೊಂಡು ನಿಂತಿದ್ದೆ. ನಿಂತೂ ನಿಂತೂ ನಿನ್ನೆ ಗೇಟು ಹಾಕ್ಬಿಟ್ರು, ಅರ್ಧ ದಿನ ಹೋಯ್ತು" ಎಂದು ಆಕೆ ಅತ್ತರು.

ಆಯಮ್ಮ ಗೊಂಬೆಯನ್ನು ಹತ್ತಿರ ಕರೆದು, ಮೇಲಿನ ಶರ್ಟು ತೊಡುವ ಮುಂಚೆಯೇ ಅವಳನ್ನು ಹಿಂದುಮುಂದು ತಿರುಗಿಸಿ ನೋಡಿದರು. ಫ್ರಾಕಿನ ಗುಂಡಿಗಳೆಲ್ಲ ಬೆನ್ನಿನ ಮೇಲಿದ್ದವು. ಮನೆಯಲ್ಲಿರುವ ಐದು ಫ್ರಾಕುಗಳೂ ಹಾಗೆಯೇ ಎಂದರು ತಾಯಿ. ಯಾವ ಮಗುವಿನ ಕೈ ತನ್ನ ಬೆನ್ನಿಗೆ ಹೋಗುತ್ತದೆ? ಮಗಳಿಗೆ ತೊಡಿಸುವುದು ತಾನೇ ಎಂದುಕೊಂಡ ತಾಯಿ ಮುದ್ದಾಗಿ ಕಾಣುವುದನ್ನು ಆರಿಸಿ ತಂದಿದ್ದರು. ಬಂದ ಕೂಡಲೇ ಮೇಲೊಂದು ಶರ್ಟು ತೊಡಿಸುವ ಕೋಣೆಯಲ್ಲಿ ಒಳಗಿನ ಫ್ರಾಕಿನ ಬೆನ್ನು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಂಡಸರ ಶರ್ಟಿನ ಮೇಲೆ ಗುಂಡಿ ಕಲಿಸಿದ ಆಯಮ್ಮ, ಗುಂಡಿ ಅಂದರೆ ಎದೆಯ ಮೇಲೇ ಇರುತ್ತದೆ ಅಂದುಕೊಂಡಿದ್ದರು.

"ತಪ್ಪು ನಂದು. ಹದಿನೇಳು ವರ್ಷ ಇದೇ ಕೆಲಸ ಮಾಡಿ ಒಂದು ಫ್ರಾಕು ತಿರುಗಿಸಿ ನೋಡ್ಲಿಲ್ಲ ನಾನು. ನಿನ್ನ ಮೇಲೆ ಸುಮ್ನೆ ಕೂಗಾಡಿದೆ ಕಣಮ್ಮಾ" ಎಂದು ಅಷ್ಟೂ ತಾಯಂದಿರ ಎದುರಿಗೇ ಹೇಳಿದರು. ಬೈದದ್ದಕ್ಕಿಂತ ಜೋರಾಗಿಯೇ ಹೇಳಿದರು. ಅವರ ಮೇಲೆ ನನಗಿದ್ದ ಗೌರವ ಆವತ್ತು ಇಮ್ಮಡಿಯಾಯಿತು.

ಆಪರೇಷನ್‌ಗೆ ನಾಲ್ಕು ದಿನ ಉಳಿದಿತ್ತು. ಫ್ರಾಕುಗಳನ್ನು ಬಿಚ್ಚಿ ಗುಂಡಿಯನ್ನು ಮುಂದಕ್ಕೆ ತರೋಣವೆಂದರೆ ತಾಯಿಯ ಕೈ ಸೂಜಿ ಹಿಡಿಯುವ ಸ್ಥಿತಿಯಲ್ಲಿಲ್ಲ, ಆಯಮ್ಮನ ಕಣ್ಣಿಗೆ ದಾರ ಕಾಣುವುದಿಲ್ಲ. ನಾಲ್ಕನ್ನು ದರ್ಜಿಗೆ ಕೊಟ್ಟರು. ವಾರ ಬಿಟ್ಟು ಬನ್ನಿ ಎಂದ ಅವನು. ತೊಡಲು ಒಂದಿರಲಿ ಎಂದು ಉಳಿಸಿಕೊಂಡದ್ದು ಹಳದಿಯದೊಂದು, ಬೆನ್ನ ಮೇಲೆ ಐದು ಗುಂಡಿಯದು. ಆಪರೇಷನ್ ರದ್ದು ಮಾಡಿಬಿಡ್ತೀನಿ ಅಕ್ಕಾ ಎಂದು ಆಕೆ ಮತ್ತೆ ರಾಗ ತೆಗೆದರು. "ಮಾಡಿದ್ಯೋ, ನಾಳೆಯಿಂದ ಈ ಬಾಗಿಲು ತೆಗೆಯಲ್ಲ ನಿನಗೆ. ಬೆನ್ನಿನ ಗುಂಡಿ ಬಿಚ್ಚಿಕೊಂಡೇ ಬರಲಿ ಮಗು, ಏನೀಗ?" ಎಂದು ಆಯಮ್ಮ ಗದರಿಸಿದರು.

ಆಪರೇಷನ್ ಆಯಿತು, ಸಂಜೆಗೇ ಮನೆಗೂ ಕಳಿಸಿದರು. ಮರುದಿನ ಬೆಳಿಗ್ಗೆ ಐದೂಕಾಲಕ್ಕೆ ನಾನೂ ಗೇಟಿನ ಹತ್ತಿರ ಆಯಮ್ಮನ ಜೊತೆ ನಿಂತಿದ್ದೇನೆ. ಅಳುಕಿರುವುದು ನನಗೊಬ್ಬನಿಗೇ ಅಲ್ಲ. ಆಯಮ್ಮ ಏಪ್ರನ್ನಿನ ಅಂಚನ್ನು ಸುರುಳಿ ಸುತ್ತುತ್ತಿದ್ದಾರೆ. ಐದೂವರೆ ಆಗುತ್ತದೆ. ಐದೂ ಮೂವತ್ತೈದು. ಬೀದಿಯ ತಿರುವಿನಲ್ಲಿ ಬಲಗೈಯನ್ನು ಮೊಣಕೈವರೆಗೆ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡ ತಾಯಿ ಕಾಣುತ್ತಾರೆ. ಸೊಂಟದ ಮೇಲೆ ಮಗುವಿಲ್ಲ. ಮಗು ಪಕ್ಕದಲ್ಲಿ ನಡೆದು ಬರುತ್ತಿದೆ.

ಹತ್ತಿರ ಬಂದಾಗ ಗೇಟಿನಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಾರೆ. ಹಳದಿ ಫ್ರಾಕು ಹಿಂದುಮುಂದಾಗಿದೆ. ಕಸೂತಿಯ ಕಾಲರು ಬೆನ್ನ ಮೇಲೆ, ಜೇಬು ಹಿಂದೆ. ಐದು ಗುಂಡಿಗಳೂ ಎದೆಯ ಮೇಲೆ ಸಾಲಾಗಿ, ಒಂದೂ ತಪ್ಪದೆ, ಭದ್ರವಾಗಿ ಹಾಕಿವೆ. ಚಪ್ಪಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

"ನಾನು ಹೇಳಿಕೊಟ್ಟಿಲ್ಲ ಅಕ್ಕಾ. ಮಂಚದ ಮೇಲೆ ಕೂತು ನೋಡ್ತಾ ಇದ್ದೆ. ಒಂದ್ಸಲ ಹಾಕ್ಕೊಂಡ್ಳು, ಬೆನ್ನಿಗೆ ಕೈ ಹೋಗ್ಲಿಲ್ಲ. ತೆಗೆದು ಮಂಚದ ಮೇಲಿಟ್ಟು ಸುಮಾರು ಹೊತ್ತು ಅದನ್ನೇ ನೋಡಿದ್ಳು. ಆಮೇಲೆ ತಿರುಗಿಸಿ ಹಾಕ್ಕೊಂಡ್ಳು" ಎನ್ನುವಾಗ ತಾಯಿಗೆ ನಗುವೋ ಅಳುವೋ ತಿಳಿಯುವುದಿಲ್ಲ.

ಆಯಮ್ಮ ಮಾತ್ರ ನಗುವುದಿಲ್ಲ. ಗೊಂಬೆಯ ಎದುರು ಕುಕ್ಕರಗಾಲಲ್ಲಿ ಕೂತು ಆ ಐದು ಗುಂಡಿಗಳನ್ನು ಒಂದೊಂದಾಗಿ ನೋಡುತ್ತಾರೆ. "ಇದು ನಾನು ಕಲಿಸಿದ್ದಲ್ಲ. ನನಗೂ ಹೊಳೆದಿರಲಿಲ್ಲ ಇದು" ಎಂದು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳುತ್ತಾರೆ. ನಾವು ನಾಲ್ಕಾರು ದೊಡ್ಡವರು ನಾಲ್ಕು ದಿನ ತಲೆ ಕೆಡಿಸಿಕೊಂಡು ದರ್ಜಿಯ ಅಂಗಡಿಗೆ ಅಲೆದದ್ದನ್ನು ನಾಲ್ಕು ವರ್ಷದ ಹುಡುಗಿ ಮಂಚದ ಪಕ್ಕ ನಿಂತು ಬಗೆಹರಿಸಿದ್ದಳು. ಯಾರೋ ಒಬ್ಬರು ಫ್ರಾಕನ್ನು ಸರಿಯಾಗಿ ತಿರುಗಿಸಲು ಮುಂದೆ ಬಂದರು. ಆಯಮ್ಮ ಅವರನ್ನು ನೋಡಿದ ನೋಟಕ್ಕೆ ಅವರು ಅಲ್ಲೇ ನಿಂತರು. ಅಂದು ಇಡೀ ದಿನ ಗೊಂಬೆಯ ಜೇಬು ಬೆನ್ನ ಮೇಲೇ ಇತ್ತು.

ಆರು ವಾರ ಸರಿಯುತ್ತದೆ. ರಜೆಯಲ್ಲಿದ್ದರೂ ಮಗುವನ್ನು ಬಿಟ್ಟು ಹೋಗಲು ಕಾರ್ಖಾನೆಯವರು ಒಪ್ಪಿದ್ದರಿಂದ ತಾಯಿ ಮಗಳು ದಿನಾ ನಡೆದು ಬರುತ್ತಾರೆ. ಗೊಂಬೆ ತಾನೇ ಉಣ್ಣುತ್ತಾಳೆ, ಎರಡು ಲೋಟಗಳಿಗೆ ನೀರು ಬಗ್ಗಿಸಿ ಒಂದನ್ನು ಅಮ್ಮನ ಎಡಗೈಗೆ ಕೊಡುತ್ತಾಳೆ. ಅವಳ ಜಡೆಯನ್ನು ತಾಯಿ ಒಂದೇ ಕೈಯಲ್ಲಿ ಹಾಕಲಾರರು, ಹಾಗಾಗಿ ಕೂದಲು ಕಾಗೆ ಗೂಡಾಗಿದೆ. ಆಗಲಿ ಬಿಡಿ, ಅದು ಬ್ಯಾಂಡೇಜು ಬಿಚ್ಚಿದ ಮೇಲಿನ ಮಾತು ಎನ್ನುತ್ತಾರೆ ಆಯಮ್ಮ.

ಬ್ಯಾಂಡೇಜು ಬಿಚ್ಚಿ, ಕೆಲಸಕ್ಕೆ ಮರಳುವ ದಿನ ನಾನು ಕಡೆಯ ಸಲ ಹೋದೆ. ಸೈರನ್‌ಗೆ ಇನ್ನೂ ಇಪ್ಪತ್ತು ನಿಮಿಷವಿದೆ. ಗೊಂಬೆಯ ಅಮ್ಮ ಕ್ರೆಷ್ ಬಾಗಿಲಲ್ಲಿ ನಿಂತವರು ಕಾರ್ಖಾನೆಯೊಳಗೆ ಹೋಗುತ್ತಲೇ ಇಲ್ಲ. ಅಂಗೈ ಮೇಲೆ ಹೊಸ ಗೆರೆಯೊಂದು ಗುಲಾಬಿ ಬಣ್ಣದಲ್ಲಿ ಕಾಣುತ್ತದೆ.

"ಅಕ್ಕಾ, ಮೆಷಿನ್ ಮುಂದೆ ಕೂತಾಗ ಬೆರಳಿಗೆ ಗೊತ್ತಾಗ್ಲಿಲ್ಲ ಅಂದ್ರೆ? ಎಲ್ಲರೆದುರಿಗೆ?"

"ಬಾ ಇಲ್ಲಿ, ಕೂತ್ಕೋ" ಎನ್ನುತ್ತಾರೆ ಆಯಮ್ಮ.

ಆ ಗಿಡ್ಡ ಬೆಂಚಿನ ಮೇಲೆ ಆಕೆ ಮೊಣಕಾಲು ಎದೆಗೊತ್ತಿಕೊಂಡು ಕೂರುತ್ತಾರೆ. ಆಯಮ್ಮ ಮೊಳೆಯಿಂದ ಒಂದು ಶರ್ಟು ತೆಗೆದು ಆಕೆಯ ಮಡಿಲಿಗೆ ಹಾಕುತ್ತಾರೆ.

"ಕಣ್ಣು ಮುಚ್ಕೊಂಡು ಹಾಕು."

ಆಕೆ ಕಣ್ಣು ಮುಚ್ಚುತ್ತಾರೆ. ಎಡಗೈಯಲ್ಲಿ ಬಟ್ಟೆ, ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಗುಂಡಿ. ಜಾರುತ್ತದೆ. ಮತ್ತೆ ಹುಡುಕಿ ಹಿಡಿಯುತ್ತಾರೆ, ಮತ್ತೆ ಜಾರುತ್ತದೆ. ಅಷ್ಟು ಹೊತ್ತಿಗೆ ಬಂದ ಹತ್ತು ಹನ್ನೆರಡು ಮಕ್ಕಳು ಸುತ್ತ ನೆರೆದಿದ್ದಾರೆ. ಗೊಂಬೆ ಎರಡು ಸಲ ಅಮ್ಮನ ಹತ್ತಿರ ಹೋಗಿ ಎರಡು ಸಲ ಹಿಂದಕ್ಕೆ ಬರುತ್ತಾಳೆ. ನಾನು ಗಡಿಯಾರ ನೋಡುವುದನ್ನು ಬಿಟ್ಟಿದ್ದೇನೆ. ಆಕೆಯ ಹಣೆಯಲ್ಲಿ ಬೆವರು ಕಾಣುತ್ತದೆ. ಬೆರಳು ಗುಂಡಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬರುತ್ತದೆ, ಇನ್ನೊಂದು ಸುತ್ತು ಬರುತ್ತದೆ.

"ಅಕ್ಕಾ... ಅಂಚು ಗೊತ್ತಾಗ್ತಿದೆ."

ಬೆರಳು ಗುಂಡಿಯ ಮಧ್ಯಕ್ಕೆ ಸರಿಯುತ್ತದೆ.

"ತೂತುಗಳೂ ಗೊತ್ತಾಗ್ತಿವೆ. ಒಂದು... ಎರಡು... ನಾಲ್ಕೂ ಗೊತ್ತಾಗ್ತಿವೆ ಅಕ್ಕಾ!"

ಗುಂಡಿ ಒಳಗೆ ಹೋಗುತ್ತದೆ. ಆಕೆ ಕಣ್ಣು ತೆರೆಯುವ ಮೊದಲೇ ರೆಪ್ಪೆಯ ಕೆಳಗಿನಿಂದ ನೀರು ಇಳಿಯುತ್ತದೆ. ಗೊಂಬೆ ಹೋಗಿ ಅಮ್ಮನ ಕೊರಳಿಗೆ ಜೋತುಬೀಳುತ್ತಾಳೆ. ಉಳಿದ ಆರು ಗುಂಡಿಗಳನ್ನೂ ಆಕೆ ಹಾಕಿ ಮುಗಿಸುತ್ತಾರೆ, ಕಣ್ಣು ಮುಚ್ಚಿಕೊಂಡೇ. ಸೈರನ್ ಕೂಗುತ್ತದೆ, ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡು ಆಕೆ ಒಳಗೆ ಓಡುತ್ತಾರೆ.

ನಾನು ಪುಸ್ತಕ ಮಡಚಿ, ನಿಮ್ಮ ಬಗ್ಗೆ ಏನೆಂದು ಬರೆಯಲಿ ಆಯಮ್ಮ ಎಂದು ಕೇಳುತ್ತೇನೆ. ಅವರು ಶರ್ಟಿನ ಏಳೂ ಗುಂಡಿಗಳನ್ನು ಮತ್ತೆ ಬಿಚ್ಚಿ, ಅದನ್ನು ಮೊಳೆಗೆ ಹಾಕುತ್ತಿದ್ದಾರೆ.

"ನೀವೇ ನೋಡಿದ್ರಲ್ಲ ಸಾರ್, ನಾನೇನೂ ಮಾಡ್ಲಿಲ್ಲ" ಎನ್ನುತ್ತಾರೆ. "ಅದನ್ನೇ ಬರೀರಿ."